ಸಿಲಿಕಾನ್ ಜೀವ: ಗಂಗಾವತಿಯ ವಿಜ್ಞಾನ ಮಾದರಿಗೆ ಪ್ರತಿಕ್ರಿಯೆ

‘ಕಾರ್ಬನ್ನಿನಂತೆ ಸಿಲಿಕಾನ್‌ನಿಂದಲೂ ಜೀವಿ ಏಕಿಲ್ಲ?’ ಎಂಬ ಪ್ರಶ್ನೆಯನ್ನು ವಿಜ್ಞಾನ ಮಾದರಿಯಾಗಿ ಮಾಡಲು ಹೊರಟ ನಿಮ್ಮ ವಿದ್ಯಾರ್ಥಿನಿ ಎಡವಿರುವುದು ಬಹುಶಃ ಮೂಲವಸ್ತುಗಳ ಆವರ್ತ ಕೋಷ್ಟಕದಲ್ಲಿಯೇ. ಸಿಲಿಕಾನ್ ಕಾರ್ಬನ್ನಿನ ಕೆಳಗೇ ಇದೆ, ಅದೂ ಬೇರೆ ಪರಮಾಣುಗಳೊಂದಿಗೆ ನಾಲ್ಕು ಬಂಧ ಕಟ್ಟಬಲ್ಲದು. ಹಾಗಾಗಿ ಅವಳ ಪ್ರಶ್ನೆ ತಪ್ಪಲ್ಲ, ಅಪೂರ್ಣ. ಬಂಧಗಳ ಸಂಖ್ಯೆಯ ಜೊತೆಗೆ ಅವುಗಳ ಬಲವನ್ನೂ ನೋಡಬೇಕು.

ಮೊದಲು ಮೇಜಿನ ಮೇಲೆ ಒಂದು ಸೋಡಾ ಬಾಟಲಿ, ಪಕ್ಕದಲ್ಲಿ ತುಂಗಭದ್ರೆಯ ಮರಳು ಇಡಿಸಿ. ಕಾರ್ಬನ್ ಆಮ್ಲಜನಕದೊಂದಿಗೆ ಸೇರಿದರೆ ನೀರಿನಲ್ಲಿ ಕರಗುವ ಅನಿಲ, ಉಸಿರಿನಲ್ಲಿ ಹೊರಹಾಕಬಹುದು. ಸಿಲಿಕಾನ್ ಸೇರಿದರೆ ಸುಮಾರು 1,700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಘನ, ಅಂದರೆ ಮರಳಿನಲ್ಲಿರುವ ಸಿಲಿಕಾ. ಮರಳನ್ನು ಉಸಿರಾಗಿ ಬಿಡುವ ಪ್ರಾಣಿಯ ಚಿತ್ರ ಬರೆಸಿ, ತೀರ್ಪುಗಾರರು ಮರೆಯುವುದಿಲ್ಲ. ನಂತರ ಸರಪಳಿಯ ವಿಷಯ: ಜೀವದ ಅಣುಗಳಿಗೆ ಪರಮಾಣುಗಳ ಉದ್ದ ಸರಪಳಿ ಬೇಕು, ಆದರೆ ಸಿಲಿಕಾನ್-ಸಿಲಿಕಾನ್ ಬಂಧ ದುರ್ಬಲ. ಹೈಡ್ರೋಜನ್ ಜೊತೆಗಿನ ಬಂಧವೂ ಅಷ್ಟೇ: ಮೀಥೇನ್‌ಗೆ (ಒಂದು ಕಾರ್ಬನ್, ನಾಲ್ಕು ಹೈಡ್ರೋಜನ್) ಸಮಾನವಾದ ಸಿಲಿಕಾನ್ ಅನಿಲ ಸಿಲೇನ್ ಗಾಳಿ ತಾಗಿದರೆ ತಾನೇ ಹೊತ್ತಿಕೊಳ್ಳುತ್ತದೆ (ಪ್ರಯೋಗ ಬೇಡ, ಹೇಳಿದರೆ ಸಾಕು).

ಮುಂದೆ ನಿಮ್ಮೂರಿನ ಅಕ್ಕಿ ಗಿರಣಿಯಿಂದ ಹೊಟ್ಟಿನ ಬೂದಿ ತರಿಸಿ. ಅದರಲ್ಲಿ ಬಹುಪಾಲು ಸಿಲಿಕಾ. ಭತ್ತ ಅದನ್ನು ಬೇರಿನಿಂದ ಹೀರಿ ಕವಚ ಕಟ್ಟಿಕೊಳ್ಳುತ್ತದೆ. ಆದರೆ ಅದರ ಡಿಎನ್‌ಎ, ಪ್ರೋಟೀನ್ ಎಲ್ಲವೂ ಕಾರ್ಬನ್ನಿನದೇ. ಭೂಮಿಯ ಹೊರಪದರದ ತೂಕದಲ್ಲಿ ಕಾಲು ಭಾಗಕ್ಕೂ ಹೆಚ್ಚು ಸಿಲಿಕಾನ್ ಇದ್ದರೂ ಜೀವ ಅದನ್ನು ಆಯ್ದುಕೊಂಡಿಲ್ಲ. ನನಗೆ ಇದೇ ಎಲ್ಲಕ್ಕಿಂತ ಗಟ್ಟಿ ವಾದ.

ಕೊನೆಯ ಫಲಕದಲ್ಲಿ ‘ಅಸಾಧ್ಯ’ ಎಂದು ಮಾತ್ರ ಬರೆಸಬೇಡಿ. 2016ರಲ್ಲಿ ಅಮೆರಿಕದ ವಿಜ್ಞಾನಿ ಫ್ರಾನ್ಸೆಸ್ ಅರ್ನಾಲ್ಡ್ ಅವರ ತಂಡ ಬ್ಯಾಕ್ಟೀರಿಯಾದ ಪ್ರೋಟೀನೊಂದನ್ನು ತಿದ್ದಿ, ಕಾರ್ಬನ್-ಸಿಲಿಕಾನ್ ಬಂಧ ಬೆಸೆಯುವಂತೆ ಮಾಡಿತು. ದ್ರವರೂಪದ ನೀರೂ ಆಮ್ಲಜನಕವೂ ಇಲ್ಲದ ಶೀತಲ ಲೋಕಗಳ ಮಟ್ಟಿಗೆ ಪ್ರಶ್ನೆ ಇನ್ನೂ ತೆರೆದೇ ಇದೆ. ‘ಭೂಮಿಯಂಥ ಕಡೆ ಸಂಭವ ತೀರಾ ಕಡಿಮೆ’ ಎಂದು ಬರೆಸಿ.