ತುಡುವೆ ಪೆಟ್ಟಿಗೆಗೆ ಕಿವಿಯಿಟ್ಟರೆ

ಪ್ರಶ್ನೆ: ಮನೆಯ ಹಿಂದೆ ಎರಡು ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದೇನೆ. ಮುಚ್ಚಳ ತಟ್ಟಿದರೆ ಒಳಗಿನಿಂದ ‘ಸ್ಸ್’ ಅಂತ ಸದ್ದು ಬಂದು ತಟ್ಟನೆ ನಿಲ್ಲುತ್ತದೆ. ಯಾಕೆ? ಜೇನುನೊಣಗಳು ಕರೆಂಟಿನಿಂದಲೂ ಮಾತಾಡುತ್ತವಂತೆ, ನಿಜವಾ?
– ಓದುಗರು, ಹಿರಿಯಡ್ಕ

ಉತ್ತರ: ಆ ‘ಸ್ಸ್’ ಹೆದರಿಸುವ ಸದ್ದು. ಪೆಟ್ಟಿಗೆ ಅಲುಗಿದ ಕೂಡಲೇ ನೊಣಗಳು ಒಂದರ ಹಿಂದೆ ಒಂದು ರೆಕ್ಕೆ ಅದುರಿಸುತ್ತವೆ. ಎಲ್ಲಾ ಸೇರಿ ಹಾವು ಬುಸುಗುಟ್ಟಿದ ಹಾಗೆ ಕೇಳುತ್ತದೆ. ಕಣಜ ಬಂದಾಗಲೂ ಹೀಗೇ ಮಾಡುತ್ತವೆ. ದಯವಿಟ್ಟು ಸುಮ್ನೆ ತಟ್ಟಬೇಡಿ.

ಕಾರ್ಕಳದ ನಮ್ಮ ತೋಟದಲ್ಲಿ ಕಳೆದ ಫೆಬ್ರವರಿ, ರಬ್ಬರ್ ಚಿಗುರುವ ಹೊತ್ತಿಗೆ ಒಂದು ಫ್ರೇಮ್ ಎತ್ತಿ ನೋಡಿದೆ. ಎರಿಯ ಮೇಲೆ ಒಂದು ನೊಣ ಹೊಟ್ಟೆ ಅಲ್ಲಾಡಿಸುತ್ತಾ ನೇರ ನಡೆಯಿತು. ಎಡಕ್ಕೆ ಸುತ್ತಿ ಬಂತು, ಮತ್ತೆ ನಡೆಯಿತು, ಈ ಸಲ ಬಲಕ್ಕೆ ಸುತ್ತಿತು. ನಾಲ್ಕೈದು ನೊಣ ಕುಡಿಮೀಸೆ ಚಾಚಿಕೊಂಡು ಅದರ ಬೆನ್ನಿಗೇ ಅಂಟಿಕೊಂಡಿದ್ದವು. ಈ ಕುಣಿತದ ಅರ್ಥ ಬಿಡಿಸಿದವರು ವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್. 1973ರಲ್ಲಿ ಅವರಿಗೆ ನೊಬೆಲ್ ಬಂತು. ನಡೆಯುವ ಓರೆಯು ಮೇವು ಇರುವ ದಿಕ್ಕನ್ನು ಹೇಳುತ್ತದೆ, ಅಲ್ಲಾಡುವ ಹೊತ್ತು ಅದರ ದೂರವನ್ನು ಹೇಳುತ್ತದೆ.

ಆದರೆ ಪೆಟ್ಟಿಗೆಯೊಳಗೆ ಕತ್ತಲು ಅಲ್ವಾ? ಅಲ್ಲಿ ಕುಣಿತ ಕಣ್ಣಿಗೆ ಬೀಳುವುದಿಲ್ಲ. ಕುಣಿಯುವ ನೊಣ ರೆಕ್ಕೆಯನ್ನು ಸೆಕೆಂಡಿಗೆ 200ರಿಂದ 300 ಸಲ ಅದುರಿಸುತ್ತದೆ. ಆ ಗಾಳಿಯ ಕದಲಿಕೆಯನ್ನು ಹತ್ತಿರದ ನೊಣಗಳು ಕುಡಿಮೀಸೆಯಿಂದ ಹಿಡಿಯುತ್ತವೆ. ಮೀಸೆಯ ಬುಡದಲ್ಲಿರುವ ಜಾನ್‌ಸ್ಟನ್ ಅಂಗವೇ ಅವುಗಳ ಕಿವಿ.

ಇನ್ನು ಕರೆಂಟು. ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಎಳೆಯುತ್ತದಲ್ಲ, ಅದೇ ಜಾತಿಯದು. ಹಾರುವಾಗ ನೊಣದ ಮೈಗೆ ಧನ ವಿದ್ಯುತ್ ಸೇರುತ್ತದೆ. ಮೈಮೇಲಿನ ಮೇಣ ಅದನ್ನು ಬೇಗ ಸೋರಿಹೋಗಲು ಬಿಡುವುದಿಲ್ಲ. ಇಂಥ ನೊಣ ಕುಣಿದಾಗ ಅದರ ಸುತ್ತಲಿನ ವಿದ್ಯುತ್ ಕ್ಷೇತ್ರವೂ ಕದಲುತ್ತದೆ, ಪಕ್ಕದ ನೊಣದ ಕುಡಿಮೀಸೆಯನ್ನು ಅಲುಗಿಸುತ್ತದೆ. ಬರ್ಲಿನ್‌ನ ವಿಜ್ಞಾನಿಗಳು 2013ರಲ್ಲಿ ಇದನ್ನು ಯೂರೋಪಿನ ಜೇನಿನಲ್ಲಿ ತೋರಿಸಿದರು. ವಿದ್ಯುತ್ ಕ್ಷೇತ್ರ ತಾಗಿದಾಗ ಸಕ್ಕರೆ ನೀರು ಕೊಟ್ಟು ಅಭ್ಯಾಸ ಮಾಡಿಸಿದರೆ, ಆಮೇಲೆ ಕ್ಷೇತ್ರ ತಾಗಿದರೇ ಸಾಕು, ನಾಲಿಗೆ ಚಾಚುತ್ತಿದ್ದವು! ಅಂದರೆ ಅವಕ್ಕೆ ಗೊತ್ತಾಗುತ್ತದೆ. ಹಾಗಂತ ‘ಕರೆಂಟಿನಲ್ಲೇ ಮಾತಾಡುತ್ತವೆ’ ಅನ್ನುವುದು ಜಾಸ್ತಿ ಆಯಿತು. ಸದ್ದು, ವಾಸನೆ, ಮುಟ್ಟುವಿಕೆಯ ಜೊತೆ ಇದೂ ಒಂದು ದಾರಿ ಇರಬಹುದು ಎನ್ನುವಷ್ಟೇ ಸರಿ.

ನಿಮಗೆ ನಿಜಕ್ಕೂ ಉಪಯೋಗಕ್ಕೆ ಬರುವ ಸದ್ದು ಇನ್ನೊಂದಿದೆ. ಕುಟುಂಬ ಪಾಲಾಗುವ ಕಾಲದಲ್ಲಿ ಸಂಜೆ ಪೆಟ್ಟಿಗೆಗೆ ಮೆಲ್ಲ ಕಿವಿ ಇಡಿ. ‘ಪೀ... ಪೀ’ ಅಂತ ಸಣ್ಣ ಪೀಪಿಯಂಥ ದನಿ ಕೇಳಿದರೆ ಹೊಸ ರಾಣಿ ಹೊರಬಂದಿದೆ ಅಂತ ಅರ್ಥ. ಹಳೇ ರಾಣಿ ಆಗಲೇ ಒಂದು ಪಾಲು ಕರೆದುಕೊಂಡು ಹೋಗಿರುತ್ತದೆ, ಇನ್ನೊಂದು ಪಾಲು ಹೊರಡಬಹುದು. ಖಾಲಿ ಪೆಟ್ಟಿಗೆ ಒರೆಸಿ ಸಿದ್ಧ ಇಟ್ಟುಕೊಳ್ಳಿ.