ಮಗನ ವರ್ತನೆಗೆ ಅಂಕ ಹಾಕುತ್ತಿದ್ದ ತಾಯಿ

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ, ಸಂಬಂಧಪಟ್ಟವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯಲಾಗಿದೆ.)

ಆಕೆ ವಿಶ್ವವಿದ್ಯಾಲಯವೊಂದರ ಮನೋವಿಜ್ಞಾನ ವಿಭಾಗದಲ್ಲಿ ಸಂಶೋಧಕಿ. ತಾಯಿ ಮತ್ತು ಮಗುವಿನ ಬಾಂಧವ್ಯದ ಅಧ್ಯಯನಕ್ಕಾಗಿ ಚಿತ್ರೀಕರಿಸಿದ ವಿಡಿಯೊಗಳನ್ನು ನೋಡಿ, ಮಕ್ಕಳ ವರ್ತನೆಗೆ ಅಂಕ ಕೊಡುವುದು ಆಕೆಯ ನಿತ್ಯದ ಕೆಲಸ. ಸ್ವಂತ ಮಗನಿಗೆ ಹದಿನಾಲ್ಕು ತಿಂಗಳು. ‘ನನ್ನ ಮಗನಿಗೆ ನಾನು ಬೇಕಾಗಿಲ್ಲ, ಅದಕ್ಕೆ ಪುರಾವೆ ಇದೆ’ ಎಂದು ಆಕೆ ಚೀಲದಿಂದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಕೋಣೆಯಿಂದ ಹೊರಹೋದ ಸಮಯ, ಮರಳಿದ ಸಮಯ, ಮಗು ತಲೆಯೆತ್ತಿತೇ, ಕೈ ಚಾಚಿತೇ ಎಂಬುದೆಲ್ಲ ಅದರಲ್ಲಿ ಗೆರೆ ಎಳೆದು ದಾಖಲಾಗಿತ್ತು. ಹಲವು ಕಡೆ ಒಂದೇ ಟಿಪ್ಪಣಿ: ‘ಆಟದ ಕಾರು ತಳ್ಳುತ್ತಲೇ ಇದ್ದ. ತಿರುಗಿ ನೋಡಲಿಲ್ಲ.’ ಜೊತೆಗೆ ಬಂದಿದ್ದ ಪತಿ, ‘ಮನೆಯಲ್ಲಿ ಈಗ ಯಾರೂ ಸುಮ್ಮನೆ ಕೂರುವ ಹಾಗಿಲ್ಲ, ಮೇಡಂ’ ಎಂದಷ್ಟೇ ಹೇಳಿದರು.

ನಾನು ಮೊದಲು ಕೇಳಿದ್ದು ಮಗುವಿನ ಬಗ್ಗೆ. ಹೆಸರು ಕರೆದರೆ ತಿರುಗುತ್ತಾನೆಯೇ, ಬೇಕಾದುದನ್ನು ಬೆರಳಿನಿಂದ ತೋರಿಸುತ್ತಾನೆಯೇ, ಬಿದ್ದು ನೋವಾದಾಗ ಯಾರ ಬಳಿ ಬರುತ್ತಾನೆ? ಮೊದಲೆರಡಕ್ಕೆ ಆಕೆ ಹೌದೆಂದರು. ಮೂರನೆಯದಕ್ಕೆ ಪತಿಯೇ ಉತ್ತರಿಸಿದರು: ‘ಇವಳ ಹತ್ತಿರಾನೇ. ನಾನು ಎತ್ತಿಕೊಂಡರೂ ಸಮಾಧಾನ ಆಗಲ್ಲ.’ ಆ ಸಂಗತಿ ನೋಟ್‌ಬುಕ್ಕಿನಲ್ಲಿ ಎಲ್ಲೂ ಇರಲಿಲ್ಲ.

ಆಕೆ ಮನೆಯಲ್ಲಿ ನಡೆಸುತ್ತಿದ್ದುದು ತಾಯಿ ಮತ್ತು ಮಗುವಿನ ಬಾಂಧವ್ಯವನ್ನು ಅಳೆಯಲು ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ ರೂಪಿಸಿದ ‘ಅಪರಿಚಿತ ಸನ್ನಿವೇಶ’ ವಿಧಾನದ ಅನುಕರಣೆ. ಆ ವಿಧಾನದಲ್ಲಿ, ಮಗುವಿಗೆ ಹೊಸದಾದ ಕೋಣೆಯಲ್ಲಿ, ಸುಮಾರು ಮೂರು ಮೂರು ನಿಮಿಷಗಳ ಘಟ್ಟಗಳಿರುತ್ತವೆ, ತಾಯಿ ಎರಡು ಬಾರಿ ಹೊರಹೋಗಿ ಮರಳುತ್ತಾಳೆ, ಮತ್ತು ಮಗುವಿನ ಅಳುವಿಗಿಂತ ತಾಯಿ ಮರಳಿದಾಗ ಅದು ನಡೆದುಕೊಳ್ಳುವ ರೀತಿಗೇ ಹೆಚ್ಚು ಮಹತ್ವ. ಇದನ್ನು ಆಕೆಗೆ ನಾನು ವಿವರಿಸುವ ಅಗತ್ಯವಿರಲಿಲ್ಲ. ಆಕೆ ನನಗಿಂತ ಚೆನ್ನಾಗಿ ಬಲ್ಲವರು. ಆದ್ದರಿಂದ, ಕುಟುಂಬದ ಹಿನ್ನೆಲೆ ಗೊತ್ತಿದ್ದು ಪೂರ್ವಗ್ರಹಕ್ಕೆ ಒಳಗಾಗಬಹುದಾದವರು ಅಂಕ ಕೊಟ್ಟ ವಿಡಿಯೊವನ್ನು ನಿಮ್ಮ ಅಧ್ಯಯನದಲ್ಲಿ ಸೇರಿಸಿಕೊಳ್ಳುತ್ತೀರಾ ಎಂದು ಕೇಳಿದೆ. ‘ಖಂಡಿತ ಇಲ್ಲ’ ಎಂದವರು ಸ್ವಲ್ಪ ಹೊತ್ತು ಸುಮ್ಮನಾದರು. ಮಗುವಿಗೆ ಸ್ವಂತ ಮನೆಯ ಕೋಣೆ ಅಪರಿಚಿತವೂ ಅಲ್ಲ. ಮೇಲಾಗಿ, ಎರಡು ವಾರಗಳ ಅಂತರದಲ್ಲಿ ಈ ಪರೀಕ್ಷೆಯನ್ನು ಮತ್ತೆ ಮಾಡಿದಾಗ ಶಿಶುಗಳ ಕಳವಳ ಹೆಚ್ಚಿದ್ದನ್ನು ಐನ್ಸ್‌ವರ್ತ್ ಅವರ ತಂಡವೇ ಗಮನಿಸಿತ್ತು. ಇಲ್ಲಿ ಅದು ದಿನಕ್ಕೆ ಹಲವು ಬಾರಿ ನಡೆಯುತ್ತಿತ್ತು. ಗುಂಪುಗಳನ್ನು ಹೋಲಿಸಲು ಹುಟ್ಟಿದ ಸಾಧನವೊಂದನ್ನು ಒಂದೇ ಮಗುವಿನ ಮೇಲೆ ತೀರ್ಪು ಕೊಡಲು ಬಳಸುವುದು ಪರಿಣತರಿಗೂ ತಪ್ಪದ ಪ್ರಲೋಭನೆ. ಪರಿಣತರಿಗೇ ಅದು ಹೆಚ್ಚು ಎಂಬುದು ನನ್ನ ಅನುಮಾನ.

ಮುಂದಿನ ಭೇಟಿಯಲ್ಲಿ ಆಕೆ ಒಬ್ಬರೇ ಬಂದಾಗ ನಿಜವಾದ ಭಯ ಹೊರಬಂತು. ಆಕೆಯ ಬಾಲ್ಯದಲ್ಲಿ ತಾಯಿ ದೀರ್ಘಕಾಲ ಖಿನ್ನತೆಯಿಂದ ಬಳಲಿದ್ದರು. ಅಂಥ ತಾಯಿಯ ಮಗಳಾದ ತಾನೂ ಅದನ್ನೇ ಮಗನಿಗೆ ದಾಟಿಸುತ್ತೇನೆ ಎಂಬುದು ಆಕೆಯ ಖಚಿತ ನಂಬಿಕೆಯಾಗಿತ್ತು. 1985ರಲ್ಲಿ ಬಾಂಧವ್ಯದ ಸಂಶೋಧಕಿ ಮೇರಿ ಮೇನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವನ್ನು ನಾನು ನೆನಪಿಸಿದೆ: ಮಗುವಿನ ಬಾಂಧವ್ಯದೊಂದಿಗೆ ತಳುಕು ಹಾಕಿಕೊಂಡಿದ್ದುದು ಹೆತ್ತವರ ಬಾಲ್ಯ ಸುಖಮಯವಾಗಿತ್ತೇ ಎಂಬುದಕ್ಕಿಂತ ಹೆಚ್ಚಾಗಿ, ಆ ಬಾಲ್ಯವನ್ನು ಅವರು ಎಷ್ಟು ಸುಸಂಬದ್ಧವಾಗಿ, ಮುಚ್ಚುಮರೆಯಿಲ್ಲದೆ ಹೇಳಬಲ್ಲರು ಎಂಬುದು. ಆಕೆ ಅಂದು ತಾಯಿಯ ಬಗ್ಗೆ ಮಾತನಾಡಿದ ರೀತಿಯಲ್ಲಿ ನೋವಿತ್ತು, ಗೊಂದಲವಿರಲಿಲ್ಲ. ಅದನ್ನೂ ಹೇಳಿದೆ.

ಕೊಟ್ಟ ಸಲಹೆ ಹೀಗಿತ್ತು. ಪರೀಕ್ಷೆಗಾಗಿ ಕೋಣೆಯಿಂದ ಹೊರಹೋಗುವುದು ಇಂದಿನಿಂದಲೇ ನಿಲ್ಲಬೇಕು. ನೋಟ್‌ಬುಕ್ ಪತಿಯ ವಶದಲ್ಲಿರಲಿ. ಹೊರಗೆ ಹೋಗುವ ಕೆಲಸವಿದ್ದರೆ ಮಗನಿಗೆ ಹೇಳಿ ಹೋಗಿ, ಮರಳಿದಾಗ ಮಾತನಾಡಿಸಿ. ಅವನು ಆಟದಲ್ಲಿದ್ದರೆ ಪಕ್ಕದಲ್ಲಿ ಕುಳಿತುಕೊಳ್ಳಿ, ಕಾರನ್ನು ಕಸಿಯಬೇಡಿ. ತಾಯಿ ಮಗು ಸದಾ ಒಂದೇ ತಾಳದಲ್ಲಿರುವುದಿಲ್ಲ. ತಪ್ಪಿದ ತಾಳವನ್ನು ಮತ್ತೆ ಕೂಡಿಸಿಕೊಳ್ಳುವುದೂ ಮಗುವಿನ ಕಲಿಕೆಯ ಭಾಗವೆಂದು ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ಅವರ ಸಂಶೋಧನೆ ತೋರಿಸಿದೆ. ಪತಿಗೆ ಹೇಳಿದ್ದು, ಆಕೆಯ ಆತಂಕವನ್ನು ಮಗುವಿನ ಎದುರು ಹಾಸ್ಯ ಮಾಡಬಾರದು, ರಾತ್ರಿ ಮಲಗಿಸುವ ಹೊಣೆಯನ್ನು ಹಂಚಿಕೊಳ್ಳಬೇಕು. ಕೆಲವು ತಿಂಗಳು ವಿಡಿಯೊಗಳ ಬದಲು ಬೇರೆ ಕೆಲಸ ಕೊಡುವಂತೆ ಮಾರ್ಗದರ್ಶಕರನ್ನು ಕೇಳಲು ಆಕೆ ಹಿಂಜರಿದರು. ಕಾರಣವನ್ನೆಲ್ಲ ವಿವರಿಸಬೇಕಾಗಿಲ್ಲ ಎಂದ ಮೇಲೆ ಒಪ್ಪಿದರು.

ಆಕೆಯ ನಿದ್ರೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಆಕೆಯ ತಾಯಿಗೆ ಖಿನ್ನತೆಯ ಇತಿಹಾಸವಿರುವುದರಿಂದ, ಎರಡು ವಾರ ಕಳೆದರೂ ಬೇಸರ ಮತ್ತು ನಿದ್ರಾಹೀನತೆ ಮುಂದುವರಿದರೆ ಮನೋವೈದ್ಯರನ್ನು ಕಾಣಬೇಕೆಂದು ತಿಳಿಸಿ, ಪತ್ರ ಬರೆದುಕೊಟ್ಟಿದ್ದೇನೆ.