ಬಡ ದೇಶ ಜನರ ಓದು, ಆರೋಗ್ಯಕ್ಕೆ ಹಣ ಹಾಕಿದರೆ ಆರ್ಥಿಕತೆ ಹೇಗೆ ಬೆಳೆಯುತ್ತದೆ?

ಬೆಳೆಯುತ್ತದೆ, ಆದರೆ ಫಲ ಕಾಣಲು ಒಂದು ತಲೆಮಾರು ಬೇಕು. ಕಲಿತ, ಗಟ್ಟಿಮುಟ್ಟಾದ ಕೆಲಸಗಾರ ಅದೇ ಎಂಟು ಗಂಟೆಯಲ್ಲಿ ಹೆಚ್ಚು ದುಡಿಯುತ್ತಾನೆ; ಅದಕ್ಕಿಂತ ಮುಖ್ಯವಾಗಿ, ಹೊಸದನ್ನು ಬೇಗ ಕೈಗೆತ್ತಿಕೊಳ್ಳುತ್ತಾನೆ. ಬೆಳೆಗೆ ಹೊಡೆಯುವ ಔಷಧದ ಬಾಟಲಿಯ ಚೀಟಿ ಓದಬಲ್ಲ ರೈತ ಟ್ಯಾಂಕಿಗೆ ಎಷ್ಟು ಮಿಲಿ ಎಂದು ಅಂಗಡಿಯವನನ್ನು ಕೇಳುತ್ತ ನಿಲ್ಲಬೇಕಿಲ್ಲ.

ಇಂಡೊನೇಷ್ಯಾ 1973ರಿಂದ ಐದಾರು ವರ್ಷಗಳಲ್ಲಿ, ತೈಲದ ದುಡ್ಡಿನಲ್ಲಿ, 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನು ಕಟ್ಟಿತು. ಆ ಮಕ್ಕಳು ದೊಡ್ಡವರಾದ ಮೇಲೆ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಲೆಕ್ಕ ಹಾಕಿದರು: ಹೆಚ್ಚುವರಿಯಾಗಿ ಓದಿದ ಒಂದೊಂದು ವರ್ಷಕ್ಕೆ ಸಂಬಳ ಸುಮಾರು ಶೇ 7ರಿಂದ 11ರಷ್ಟು ಏರಿತ್ತು.

ಕಲಿತವರಿಗೆ ಊರಲ್ಲೇ ಕೆಲಸ ಇರಬೇಕು ಎನ್ನುವುದು ಬೇರೆ ಮಾತು. ಕೇರಳ ಚೆನ್ನಾಗಿಯೇ ಓದಿಸಿತು. ಕೆಲಸ ಸಾಲದೆ ಲಕ್ಷಾಂತರ ಮಂದಿ ಕೊಲ್ಲಿ ದೇಶಗಳ ವಿಮಾನ ಹತ್ತಿದರು.